ಆಳುವವರನ್ನೂ ಕಟ್ಟುವ ಕಾನೂನು ಬೇಕು



ವೈಯಕ್ತಿಕ ಮಾಹಿತಿಯ ರಕ್ಷಣೆ ಎಂದಕೂಡಲೇ ನಮಗೆ ನೆನಪಾಗುವುದು ಸಾಲದ ಆಪ್‌ಗಳು, ಊಟದ ಹೊತ್ತಿಗೆ ಬರುವ ಮಾರಾಟದ ಕರೆಗಳು, ಯಾವುದೋ ಅಂಗಡಿಯಲ್ಲಿ ಕೊಟ್ಟ ಮೊಬೈಲ್ ನಂಬರು. ಇವೆಲ್ಲ ನಿಜವಾದ ಉಪದ್ರವಗಳೇ. ಆದರೆ ಒಬ್ಬ ಮನುಷ್ಯನ ಹುಟ್ಟು, ಜಾತಿ, ಜಮೀನು, ಆದಾಯ, ರೇಷನ್, ಕಾಯಿಲೆ, ಬೆರಳಚ್ಚು ಇಷ್ಟೂ ಇರುವುದು ಸರ್ಕಾರದ ಕಚೇರಿಗಳಲ್ಲಿ. ಅಂಗಡಿಗೆ ನಂಬರು ಕೊಡುವುದಿಲ್ಲ ಎನ್ನಬಹುದು. ತಹಶೀಲ್ದಾರ್ ಕಚೇರಿಗೆ ಹಾಗೆನ್ನಲು ಬರುವುದಿಲ್ಲ.

ನನ್ನ ವಾದ ಒಂದೇ. ಅದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಕಂಪನಿಗಳನ್ನು ಕಟ್ಟಿಹಾಕಿ ಸರ್ಕಾರವನ್ನು ಬಿಟ್ಟುಬಿಡುವ ಮಾಹಿತಿ ರಕ್ಷಣೆಯ ಕಾನೂನು ಹೆಚ್ಚೆಂದರೆ ಗ್ರಾಹಕರ ಕಾನೂನು. ಅದು ಮಾನವ ಹಕ್ಕಿನ ಕಾನೂನಾಗಬೇಕಾದರೆ ಆಳುವವರಿಗೂ ಅನ್ವಯಿಸಬೇಕು, ನೊಂದವರ ಕೈಗೆ ಪರಿಹಾರ ತಲುಪಿಸಬೇಕು, ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಬಾರದು.

1. ಬೆಂಗಳೂರಿನಿಂದ ಹೋದ ಅರ್ಜಿ

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ವಿಶೇಷ ಸ್ಥಾನವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆಧಾರ್ ಸಂಖ್ಯೆ ಕೊಡುವ ಕೆಲಸ 2010ರಲ್ಲೇ ಶುರುವಾಗಿತ್ತು, ಆದರೆ ಅದಕ್ಕೆ ಸಂಸತ್ತಿನ ಕಾಯ್ದೆ ಬಂದದ್ದು 2016ರಲ್ಲಿ. ಕಾನೂನಿನ ಬಲವಿಲ್ಲದೆ, ಬರೀ ಆಡಳಿತದ ಆದೇಶದ ಮೇಲೆ, ಜನರ ಬೆರಳಚ್ಚನ್ನೂ ಕಣ್ಣಿನ ಪಾಪೆಯ ಗುರುತನ್ನೂ ಪಡೆಯುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು.

ಅದಕ್ಕೆ ಉತ್ತರವಾಗಿ 2015ರಲ್ಲಿ ಕೇಂದ್ರದ ಅಟಾರ್ನಿ ಜನರಲ್ ಇನ್ನೂ ಮೂಲಕ್ಕೇ ಕೈಹಾಕಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿದರು. ಅವರಿಗೆ ಆಧಾರವಾಗಿ ಎರಡು ಹಳೆಯ ತೀರ್ಪುಗಳಿದ್ದವು: 1954ರ ಎಂ.ಪಿ. ಶರ್ಮಾ ಪ್ರಕರಣ ಮತ್ತು 1962ರ ಖರಕ್ ಸಿಂಗ್ ಪ್ರಕರಣ. ಎರಡನೆಯದು ಉತ್ತರ ಪ್ರದೇಶದ ಪೊಲೀಸರು ಒಬ್ಬ ವ್ಯಕ್ತಿಯ ಮೇಲೆ ಕಣ್ಣಿಟ್ಟು, ಅಪರಾತ್ರಿಯಲ್ಲಿ ಮನೆಬಾಗಿಲು ತಟ್ಟುತ್ತಿದ್ದ ಪದ್ಧತಿಯ ವಿರುದ್ಧದ ಮೊಕದ್ದಮೆ. ರಾತ್ರಿಯ ಭೇಟಿಯನ್ನು ಕೋರ್ಟು ರದ್ದುಮಾಡಿತು, ಹಿಂಬಾಲಿಕೆಯನ್ನು ಉಳಿಸಿತು. ಬೆನ್ನ ಹಿಂದೆ ಪೊಲೀಸ್ ಇರುವವನಿಗೆ ಸಂಚಾರದ ಸ್ವಾತಂತ್ರ್ಯ ಎಲ್ಲಿಯದು ಎಂಬ ನಿಲುವು ತಳೆದು ನ್ಯಾಯಮೂರ್ತಿ ಸುಬ್ಬರಾವ್ ಭಿನ್ನ ತೀರ್ಪು ಬರೆದಿದ್ದರು.

ಆ ಭಿನ್ನಮತ ಗೆಲ್ಲಲು ಐದು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ದಕ್ಷಿಣ ಕನ್ನಡದಿಂದ ಹೋದ ಎಸ್. ಅಬ್ದುಲ್ ನಜೀರ್ ಅವರೂ ಅದರಲ್ಲಿದ್ದರು, ಸರ್ವಾನುಮತದಿಂದ ಖಾಸಗಿತನ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಸರ್ಕಾರ ಈ ಹಕ್ಕಿನೊಳಗೆ ಕೈಹಾಕಬೇಕಾದರೆ ಮೂರು ಪರೀಕ್ಷೆಗಳಲ್ಲಿ ಪಾಸಾಗಬೇಕು. ಅದಕ್ಕೊಂದು ಕಾನೂನು ಇರಬೇಕು. ನ್ಯಾಯವಾದ ಉದ್ದೇಶವಿರಬೇಕು. ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟಕ್ಕೇ ಕೈ ನಿಲ್ಲಬೇಕು. ತುರ್ತು ಪರಿಸ್ಥಿತಿಯಲ್ಲಿ ಜೀವಿಸುವ ಹಕ್ಕನ್ನೂ ಅಮಾನತಿನಲ್ಲಿಡಬಹುದೆಂದಿದ್ದ 1976ರ ಜಬಲ್ಪುರ ತೀರ್ಪನ್ನು ಹೂತುಹಾಕಿದ್ದೂ ಇದೇ ತೀರ್ಪು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಯಾವ ಹೈಕೋರ್ಟಿನಲ್ಲಿ ಖಾಸಗಿತನದ ಮಾತು ಬಂದರೂ ವಕೀಲರು ಮೊದಲು ಹೇಳುವುದು ಅವರ ಹೆಸರು.

2. ಒಳ್ಳೆಯ ಉದ್ದೇಶದ ಪಟ್ಟಿ

ಖಾಸಗಿತನ ಶ್ರೀಮಂತರ ಚಿಂತೆ, ಬಡವರಿಗೆ ಅನ್ನ ಮುಖ್ಯ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇತಿಹಾಸ ಬೇರೆಯದನ್ನು ಹೇಳುತ್ತದೆ.

ಎರಡನೇ ಮಹಾಯುದ್ಧಕ್ಕೆ ಮೊದಲು ನೆದರ್ಲೆಂಡ್ಸ್ ದೇಶದಲ್ಲಿ ಅಚ್ಚುಕಟ್ಟಾದ ಜನಸಂಖ್ಯಾ ದಾಖಲೆಗಳಿದ್ದವು. ಪ್ರತಿಯೊಬ್ಬರ ಹೆಸರು, ವಿಳಾಸದ ಜೊತೆ ಧರ್ಮವೂ ಬರೆದಿತ್ತು. ಯಾರಿಗೂ ಕೇಡು ಮಾಡಲೆಂದು ಅದನ್ನು ಬರೆದದ್ದಲ್ಲ, ಆಡಳಿತದ ಅನುಕೂಲಕ್ಕೆಂದು ಬರೆದದ್ದು. 1940ರಲ್ಲಿ ನಾಜಿಗಳು ದೇಶವನ್ನು ಹಿಡಿದಾಗ ಆ ದಾಖಲೆಗಳೂ ಅವರ ಕೈಸೇರಿದವು. ಅಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೊಲೆಯಾದರು. ಇಷ್ಟು ದೊಡ್ಡ ಪಾಲು ಸಾವು ಪಶ್ಚಿಮ ಯುರೋಪಿನ ಬೇರೆ ದೇಶಗಳಲ್ಲಿ ಆಗಲಿಲ್ಲ. ಅದಕ್ಕೆ ಇತಿಹಾಸಕಾರರು ಹಲವು ಕಾರಣ ಕೊಡುತ್ತಾರೆ, ಆ ಕಾರಣಗಳಲ್ಲಿ ಈ ದಾಖಲೆಗಳೂ ಸೇರಿವೆ. 1943ರ ಮಾರ್ಚ್ 27ರ ರಾತ್ರಿ ಆಮ್‌ಸ್ಟರ್‌ಡ್ಯಾಮಿನ ಕಲಾವಿದರು, ವಿದ್ಯಾರ್ಥಿಗಳ ಗುಂಪೊಂದು ಪೊಲೀಸರ ವೇಷದಲ್ಲಿ ನುಗ್ಗಿ ನಗರದ ದಾಖಲೆ ಕಚೇರಿಗೆ ಬೆಂಕಿ ಹಚ್ಚಿತು. ಸಿಕ್ಕಿಬಿದ್ದವರಲ್ಲಿ 12 ಮಂದಿಯನ್ನು ಜುಲೈನಲ್ಲಿ ಗುಂಡಿಕ್ಕಿ ಕೊಂದರು. ತಮ್ಮ ಊರಿನವರ ಜೀವ ಉಳಿಸಲು ಕಾಗದ ಸುಡಬೇಕೆಂದು ಅವರಿಗೆ ಅರ್ಥವಾಗಿತ್ತು.

ಪಟ್ಟಿ ಮಾಡಿದವರ ಉದ್ದೇಶ ಒಳ್ಳೆಯದಿದ್ದರೆ ಸಾಲದು, ನಾಳೆ ಅದು ಯಾರ ಕೈಗೆ ಹೋದೀತು ಎಂಬುದನ್ನೂ ಕಾನೂನು ಯೋಚಿಸಬೇಕು ಎಂಬ ಪಾಠ ಯುದ್ಧದ ನಂತರದ ಜಗತ್ತಿಗೆ ಸಿಕ್ಕಿತು. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 12ನೇ ವಿಧಿ ಖಾಸಗಿ ಬದುಕು, ಕುಟುಂಬ, ಮನೆ, ಪತ್ರವ್ಯವಹಾರಗಳಲ್ಲಿ ಮನಬಂದಂತೆ ಕೈಹಾಕುವುದನ್ನು ನಿಷೇಧಿಸಿತು. ಜಗತ್ತಿನ ಮೊದಲ ಮಾಹಿತಿ ರಕ್ಷಣಾ ಕಾಯ್ದೆ 1970ರಲ್ಲಿ ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ ಬಂತು. ಅದು ಕಂಪನಿಗಳ ವಿರುದ್ಧ ಬಂದ ಕಾಯ್ದೆಯಲ್ಲ, ಸರ್ಕಾರಿ ಕಚೇರಿಗಳ ಕಂಪ್ಯೂಟರುಗಳಿಗೆ ಕಡಿವಾಣ ಹಾಕಲು ಬಂದ ಕಾಯ್ದೆ. 1983ರ ಡಿಸೆಂಬರ್ 15ರಂದು ಆ ದೇಶದ ಸಂವಿಧಾನ ನ್ಯಾಯಾಲಯ ಜನಗಣತಿ ಕಾಯ್ದೆಯ ಕೆಲವು ಭಾಗಗಳನ್ನು ತಳ್ಳಿಹಾಕಿತು. ತನ್ನ ಬಗ್ಗೆ ಯಾರಿಗೆ ಏನು ಗೊತ್ತಿದೆ ಎಂದೇ ತಿಳಿಯದ ಪ್ರಜೆ ಸಭೆಗೆ ಹೋಗಲು, ಸಂಘ ಸೇರಲು ಹಿಂಜರಿಯುತ್ತಾನೆ, ಆಗ ಕೆಡುವುದು ಅವನೊಬ್ಬನ ಬದುಕಲ್ಲ, ಪ್ರಜಾಪ್ರಭುತ್ವ ಎಂಬುದು ಅದರ ವಾದದ ತಿರುಳು. ಗಣತಿಯನ್ನೇನೂ ಆ ನ್ಯಾಯಾಲಯ ಶಾಶ್ವತವಾಗಿ ನಿಲ್ಲಿಸಿಬಿಡಲಿಲ್ಲ. ಕಾಯ್ದೆಯನ್ನು ತಿದ್ದಿ 1987ರಲ್ಲಿ ಗಣತಿ ನಡೆಸಿದರು.

3. ನಮ್ಮ ಕಣ್ಣೆದುರಿಗೆ

ಇಷ್ಟು ದೂರ ಹೋಗುವುದೇ ಬೇಡ ಎನ್ನುವವರಿಗೆ ನಮ್ಮ ರಾಜ್ಯದ ಮೂರು ಪ್ರಸಂಗಗಳನ್ನು ನೆನಪಿಸುತ್ತೇನೆ.

2020ರ ಮಾರ್ಚ್‌ನಲ್ಲಿ ಹೋಂ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳನ್ನು ರಾಜ್ಯ ಸರ್ಕಾರವೇ ಪ್ರಕಟಿಸಿತು. ಅವರ ಕೈಗೆ ಮುದ್ರೆ ಒತ್ತಿದ್ದರು, ಗಂಟೆಗೊಂದು ಸೆಲ್ಫಿ ಕಳಿಸಬೇಕೆಂಬ ಆಪ್ ಬಂತು. ಸೋಂಕು ತಡೆಯುವುದು ನ್ಯಾಯವಾದ ಉದ್ದೇಶವೇ. ಆದರೆ ವಿಳಾಸ ಆರೋಗ್ಯ ಇಲಾಖೆಗೆ ಗೊತ್ತಿದ್ದರೆ ಸಾಕಿತ್ತು, ಬೀದಿಗೆಲ್ಲ ಗೊತ್ತಾಗಬೇಕಿರಲಿಲ್ಲ. ಸುಪ್ರೀಂ ಕೋರ್ಟಿನ ಮೂರನೆಯ ಪರೀಕ್ಷೆಯಲ್ಲಿ ಸರ್ಕಾರ ಸೋತದ್ದು ಅಲ್ಲಿ. ಮರುವರ್ಷದ ಜನವರಿಯಲ್ಲಿ ನಮ್ಮ ಹೈಕೋರ್ಟು, ಆರೋಗ್ಯ ಸೇತು ಆಪ್‌ನಲ್ಲಿ ಕಲೆಹಾಕಿದ ಜನರ ಮಾಹಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಕೊಡಬಾರದೆಂದು ಮಧ್ಯಂತರ ಆದೇಶ ಕೊಟ್ಟಿತು.

2022ರ ನವೆಂಬರ್‌ನಲ್ಲಿ ಬೆಂಗಳೂರಿನ ಮತದಾರರ ಮಾಹಿತಿಯ ಹಗರಣ ಬಯಲಾಯಿತು. ಮತದಾರರ ಜಾಗೃತಿಗೆಂದು ಪಾಲಿಕೆಯ ಅನುಮತಿ ಪಡೆದಿದ್ದ ಖಾಸಗಿ ಸಂಸ್ಥೆಯೊಂದರ ಜನ, ಮತಗಟ್ಟೆ ಅಧಿಕಾರಿಗಳೆಂಬ ಗುರುತಿನ ಚೀಟಿ ತೋರಿಸಿ ಮನೆಮನೆಯಲ್ಲಿ ಮಾಹಿತಿ ಬರೆದುಕೊಂಡರೆಂಬ ಆರೋಪ ಬಂತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಗಳನ್ನು ಮರುಪರಿಶೀಲಿಸುವಂತೆ ಚುನಾವಣಾ ಆಯೋಗ ಆದೇಶಿಸಿತು. ಮಾಹಿತಿಯ ಪ್ರಶ್ನೆ ಮತದ ಹಕ್ಕಿನ ಬಾಗಿಲಿಗೆ ಬಂದು ನಿಂತದ್ದು ಹೀಗೆ.

ಮೂರನೆಯದು 2023ರದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸೈಟೋ ಮನೆಯೋ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಗಳಿಂದ, ಒಂದು ಒಟಿಪಿಯೂ ಬರದೆ, ಹಣ ಹೋಗತೊಡಗಿತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಸಾಕು. ಸಂಖ್ಯೆ ಮತ್ತು ಬೆರಳಚ್ಚು ಎರಡೂ ಕ್ರಯಪತ್ರದಲ್ಲೇ ಇದ್ದವು, ಆ ಪತ್ರಗಳ ಪ್ರತಿ ಆನ್‌ಲೈನಿನಲ್ಲಿ ಸಿಗುತ್ತಿತ್ತು. ದೂರುಗಳು ಹೆಚ್ಚಾದ ಮೇಲೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮಾಡಲು ಇಲಾಖೆ ಮುಂದಾಯಿತು, ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರು ಜನರಿಗೆ ಹೇಳಿದರು. ಎಟಿಎಂ ಪಿನ್ ಕಳುವಾದರೆ ಬೇರೆ ಪಿನ್ ಹಾಕಿಕೊಳ್ಳಬಹುದು, ಬೆರಳು ಕಳುವಾದರೆ ಬದಲಿಸುವುದೆಲ್ಲಿ? ಇಲ್ಲಿ ಹಣ ಕಳೆದುಕೊಂಡವರು ಯಾವ ಆಮಿಷಕ್ಕೂ ಬಿದ್ದವರಲ್ಲ, ಯಾವ ಲಿಂಕನ್ನೂ ಒತ್ತಿದವರಲ್ಲ. ಕಾನೂನು ಹೇಳಿದಂತೆ ಸರ್ಕಾರದ ಮುಂದೆ ಹೆಬ್ಬೆಟ್ಟು ಒತ್ತಿದವರು.

ಈ ಮೂರನ್ನೂ ನೋಡಿದರೆ ಕಂಪನಿಗಳಿಗಷ್ಟೇ ಹಾಕುವ ಕಡಿವಾಣ ಏಕೆ ಸಾಲದು ಎಂಬುದು ಸ್ಪಷ್ಟವಾಗುತ್ತದೆ.

4. 2023ರ ಕಾಯ್ದೆ ಕೊಟ್ಟದ್ದು, ಕೊಡದಿದ್ದದ್ದು

ಮಾಹಿತಿ ರಕ್ಷಣೆಗೊಂದು ಕಾನೂನು ತರಲೆಂದು ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ಜುಲೈನಲ್ಲಿ ಕರಡು ಮಸೂದೆ ಕೊಟ್ಟಿತು. 2019ರಲ್ಲಿ ಸರ್ಕಾರ ತನ್ನದೇ ಮಸೂದೆ ಮಂಡಿಸಿತು, 2022ರ ಆಗಸ್ಟ್‌ನಲ್ಲಿ ವಾಪಸು ಪಡೆಯಿತು. ಕೊನೆಗೆ 2023ರ ಆಗಸ್ಟ್ 11ರಂದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಹೊರಬೀಳಲು 2025ರ ನವೆಂಬರ್ ಆಯಿತು.

ಕಾಯ್ದೆಯಲ್ಲಿ ಒಳ್ಳೆಯದಿಲ್ಲವೆಂದಲ್ಲ. ಮಾಹಿತಿ ಕೇಳುವವರು ಯಾಕೆ ಕೇಳುತ್ತಿದ್ದೇವೆಂದು ನೋಟಿಸು ಕೊಡಬೇಕು, ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲೂ, ಓದುವ ಅವಕಾಶ ಇರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು, ತಪ್ಪು ಮಾಹಿತಿಯನ್ನು ತಿದ್ದಿಸಬಹುದು, ಅಳಿಸಿಸಬಹುದು. ಮಾಹಿತಿ ಸೋರಿದರೆ ಪ್ರತಿಯೊಬ್ಬ ಬಾಧಿತರಿಗೂ ತಿಳಿಸಬೇಕು. ರಕ್ಷಣೆಯಲ್ಲಿ ತಪ್ಪಿದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ. ಇವು ಸಣ್ಣ ಲಾಭಗಳಲ್ಲ.

ಈಗ ಕೊರತೆಗಳನ್ನು ನೋಡೋಣ. ಮೊದಲನೆಯದು 17ನೇ ಕಲಮು. ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಕೇಂದ್ರ ಸರ್ಕಾರ ತನ್ನ ಯಾವುದೇ ಸಂಸ್ಥೆಯನ್ನು ಒಂದು ಅಧಿಸೂಚನೆಯಿಂದ ಇಡೀ ಕಾಯ್ದೆಯ ಹೊರಗಿಡಬಹುದು. ಭದ್ರತೆಗೆ ವಿನಾಯಿತಿ ಬೇರೆ ದೇಶಗಳಲ್ಲೂ ಇದೆ. ಆದರೆ ಶ್ರೀಕೃಷ್ಣ ಸಮಿತಿಯ ಕರಡಿನಲ್ಲಿ ಆ ವಿನಾಯಿತಿಗೆ ಷರತ್ತುಗಳಿದ್ದವು. ಅದಕ್ಕೊಂದು ಕಾನೂನು ಇರಬೇಕು, ಅದು ಅಗತ್ಯವಾಗಿರಬೇಕು, ಮಿತಿಮೀರಬಾರದು ಎಂದಿತ್ತು. ಸುಪ್ರೀಂ ಕೋರ್ಟಿನ ಮೂರು ಪರೀಕ್ಷೆಗಳನ್ನೇ ಅದು ಕಾನೂನಿನ ಮಾತಿಗೆ ಇಳಿಸಿತ್ತು. 2023ರ ಹೊತ್ತಿಗೆ ಆ ಮಾತುಗಳು ಮಾಯವಾದವು.

ಕಣ್ಗಾವಲಿನ ವಿಷಯದಲ್ಲಿ ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಿಲ್ಲ. ದೂರವಾಣಿ ಕದ್ದಾಲಿಕೆಯ ಆರೋಪ ಬಂದಾಗ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ರಾಜ್ಯ ಇದು. ಕದ್ದಾಲಿಕೆಗೆ ಇಂಥ ಇಂಥ ನಿಯಮ ಪಾಲಿಸಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಇಂದಿಗೂ ಅದಕ್ಕೆ ಅನುಮತಿ ಕೊಡುವುದು ಗೃಹ ಇಲಾಖೆಯ ಕಾರ್ಯದರ್ಶಿ, ಆಮೇಲೆ ಅದನ್ನು ಪರಿಶೀಲಿಸುವ ಸಮಿತಿಯಲ್ಲೂ ಅಧಿಕಾರಿಗಳೇ. ಈ ಹಂತಗಳಲ್ಲೆಲ್ಲೂ ನ್ಯಾಯಾಧೀಶರ ಕಣ್ಣಿಗೆ ಅದು ಬೀಳುವುದಿಲ್ಲ. ಹೊಸ ಕಾಯ್ದೆ ಈ ಪದ್ಧತಿಯನ್ನು ಮುಟ್ಟಲೂ ಇಲ್ಲ.

ಎರಡನೆಯದು ಪರಿಹಾರ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಲ್ಲಿ, ಅಲಕ್ಷ್ಯದಿಂದ ಮಾಹಿತಿ ಸೋರಲು ಬಿಟ್ಟ ಕಂಪನಿಯಿಂದ ನೊಂದವರು ಪರಿಹಾರ ಕೇಳುವ ದಾರಿ ಇತ್ತು. ಹೊಸ ಕಾಯ್ದೆ ಆ ಕಲಮನ್ನೇ ತೆಗೆದುಹಾಕುತ್ತದೆ. 250 ಕೋಟಿ ದಂಡ ವಸೂಲಾದರೂ ಅದು ಹೋಗುವುದು ಭಾರತದ ಸಂಚಿತ ನಿಧಿಗೆ. ಖಾತೆ ಖಾಲಿಯಾದ ಮನುಷ್ಯನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಅದೇ ಮನುಷ್ಯ ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟನೆಂದು ತೀರ್ಮಾನವಾದರೆ 10,000 ರೂಪಾಯಿಯವರೆಗೆ ದಂಡ ಕಟ್ಟಬೇಕು.

ಮೂರನೆಯದು ಮಂಡಳಿ. ದೂರು ವಿಚಾರಿಸುವ ದತ್ತಾಂಶ ಸಂರಕ್ಷಣಾ ಮಂಡಳಿಯ ಅಧ್ಯಕ್ಷರನ್ನೂ ಸದಸ್ಯರನ್ನೂ ನೇಮಿಸುವುದು ಕೇಂದ್ರ ಸರ್ಕಾರ. ಸರ್ಕಾರದ ಮೇಲಿನ ದೂರನ್ನು ಸರ್ಕಾರ ನೇಮಿಸಿದವರೇ ಕೇಳಬೇಕು. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಈ ಏರ್ಪಾಟು ಜನರಲ್ಲಿ ನಂಬಿಕೆ ಹುಟ್ಟಿಸುವುದಿಲ್ಲ.

ಇನ್ನು ಒಪ್ಪಿಗೆಯ ಮಾತು. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಹೆಂಗಸಿಗೆ ಥಂಬ್ ಕೊಡಿ ಎಂದಾಗ ಅವಳೇನು ಯೋಚಿಸಿ ಒಪ್ಪಿಗೆ ಕೊಡುತ್ತಾಳೆಯೇ? ಕೊಡದಿದ್ದರೆ ಅಕ್ಕಿಯಿಲ್ಲ. ಗಾರೆ ಕೆಲಸದಲ್ಲೋ ಹೊಲದಲ್ಲೋ ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೂ ಅಕ್ಕಿಯಿಲ್ಲ, ಸರ್ವರ್ ಡೌನ್ ಆದರೂ ಅಕ್ಕಿಯಿಲ್ಲ. ಸೌಲಭ್ಯ, ಸಹಾಯಧನ ಕೊಡುವಾಗ ಸರ್ಕಾರ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಬಹುದೆಂದು ಕಾಯ್ದೆಯ 7ನೇ ಕಲಮು ಹೇಳುತ್ತದೆ. ಹಾಗಿದ್ದಮೇಲೆ ಅಲ್ಲಿ ಬೇಕಾದದ್ದು ಒಪ್ಪಿಗೆಯ ಕಾಗದವಲ್ಲ, ಮಿತಿ. ಇಷ್ಟೇ ಕೇಳಬೇಕು, ಇದಕ್ಕೇ ಬಳಸಬೇಕು, ಇಷ್ಟು ದಿನವಾದ ಮೇಲೆ ಅಳಿಸಬೇಕು, ಯಂತ್ರ ಸೋತರೆ ಅನ್ನ ನಿಲ್ಲಬಾರದು ಎಂಬ ಮಿತಿ.

5. ಕೇಳುವ ಹಕ್ಕು, ಕಾಯುವ ಹಕ್ಕು

ಕಾಯ್ದೆ ಜಾರಿಯಾದ ಕ್ರಮವನ್ನು ಗಮನಿಸಿ. ಜನರಿಗೆ ಹಕ್ಕು ಕೊಡುವ ಮುಖ್ಯ ಭಾಗಗಳು ನಿಯಮ ಪ್ರಕಟವಾಗಿ 18 ತಿಂಗಳಾದ ಮೇಲೆ ಜಾರಿ. ಇದೇ ಕಾಯ್ದೆ ತಂದ, ಮಾಹಿತಿ ಹಕ್ಕು ಕಾಯ್ದೆಯನ್ನು ಮೊಟಕುಗೊಳಿಸುವ ತಿದ್ದುಪಡಿ ಮಾತ್ರ ತಕ್ಷಣವೇ ಜಾರಿ.

2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ಒಂದು ತೂಗುವ ಕೆಲಸ ಹೇಳಿತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಒಬ್ಬರ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ವಿವರವನ್ನು ಕೊಡಬೇಕಿಲ್ಲ, ಆದರೆ ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಕೊಡಬೇಕು. ಈಗ ಆ ಕಲಮಿನಲ್ಲಿ ಉಳಿದಿರುವುದು ವೈಯಕ್ತಿಕ ಮಾಹಿತಿಗೆ ವಿನಾಯಿತಿ ಎಂಬಷ್ಟೇ. ಸಾರ್ವಜನಿಕ ಹಿತದ ಮಾತು 8(2)ರಲ್ಲಿ ಇನ್ನೂ ಇದೆಯಲ್ಲ ಎಂದು ಸರ್ಕಾರ ಹೇಳುತ್ತದೆ. ಇದೆ, ನಿಜ. ಆದರೆ ಕೊಡಬಾರದೆಂದು ಮನಸ್ಸು ಮಾಡಿದ ಮಾಹಿತಿ ಅಧಿಕಾರಿಗೆ ಎರಡು ಪದದ ನೆಪ ಸಿಕ್ಕಿತು. ನರೇಗಾದ ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರಿದೆಯೇ, ಗುತ್ತಿಗೆ ಯಾರ ಸಂಬಂಧಿಗೆ ಹೋಯಿತು, ಅಧಿಕಾರಿಯ ಪದವಿ ಪ್ರಮಾಣಪತ್ರ ನಿಜವೇ ಎಂಬ ಪ್ರಶ್ನೆಗಳೆಲ್ಲ ಯಾರದೋ ಹೆಸರನ್ನು ಮುಟ್ಟಿಯೇ ಮುಟ್ಟುತ್ತವೆ.

ಖಾಸಗಿತನ ಇರುವುದು ಅಧಿಕಾರವಿಲ್ಲದವರನ್ನು ಅಧಿಕಾರ ಇರುವವರಿಂದ ಕಾಪಾಡಲು. ಅಧಿಕಾರ ಇರುವವರು ಅದನ್ನೇ ಮರೆಯಾಗಿ ಹಿಡಿದುಕೊಂಡರೆ ಹಕ್ಕು ತಲೆಕೆಳಗಾಯಿತು ಎಂದೇ ಅರ್ಥ.

6. ಹಾಗಾದರೆ ಗಣತಿ ಬೇಡವೇ?

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಯಾರ ಮನೆಯಲ್ಲಿ ಓದಿದವರಿಲ್ಲ, ಯಾರಿಗೆ ಜಮೀನಿಲ್ಲ ಎಂದು ಗೊತ್ತಾಗದೆ ಸಾಮಾಜಿಕ ನ್ಯಾಯ ಹೇಗೆ ಸಾಧ್ಯ? ಮಾಹಿತಿ ಕೇಳುವುದನ್ನೇ ಅನುಮಾನಿಸಿದರೆ ನಷ್ಟವಾಗುವುದು ಹಿಂದುಳಿದವರಿಗಲ್ಲವೇ? ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಮಾಹಿತಿ ಬೇಕು. ಅದಕ್ಕಾಗಿಯೇ ಕಾನೂನೂ ಬೇಕು.

ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಶುರುವಾಯಿತು. ತಡೆ ಕೊಡಬೇಕೆಂದು ಕೇಳಿದವರಿಗೆ ಹೈಕೋರ್ಟು ಮೂರೇ ದಿನದಲ್ಲಿ ಉತ್ತರ ಕೊಟ್ಟಿತು. ಸಮೀಕ್ಷೆಗೆ ತಡೆಯಿಲ್ಲ, ಆದರೆ ಪಾಲ್ಗೊಳ್ಳುವುದು ಜನರ ಇಚ್ಛೆ, ಅದನ್ನು ಅವರಿಗೆ ತಿಳಿಸಬೇಕು, ಸಂಗ್ರಹಿಸಿದ ವಿವರ ಆಯೋಗವನ್ನು ಬಿಟ್ಟು ಯಾರ ಕೈಗೂ ಹೋಗಬಾರದು. ಜರ್ಮನಿಯ ನ್ಯಾಯಾಲಯ ಹಿಡಿದ ಹಾದಿಯೂ ಹೆಚ್ಚುಕಡಿಮೆ ಇದೇ ಆಗಿತ್ತು. ಆದರೆ ಪ್ರತಿ ಸಲವೂ ಯಾರೋ ಕೋರ್ಟಿಗೆ ಹೋಗಿ ಮಧ್ಯಂತರ ಆದೇಶ ತರಬೇಕಾದ ಸ್ಥಿತಿ ಇರಬಾರದು. ಆ ಷರತ್ತುಗಳು ಕಾಯ್ದೆಯಲ್ಲೇ ಬರೆದಿರಬೇಕು.

ನಂಬಿಕೆ ಹುಟ್ಟಿದರೆ ಮಾಹಿತಿ ತಾನಾಗಿ ಬರುತ್ತದೆ ಎಂಬುದನ್ನು ನಮ್ಮ ಸಂಸತ್ತೇ ಒಮ್ಮೆ ಒಪ್ಪಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಸೋಂಕಿತರ ಸ್ಥಿತಿಯನ್ನು ಬಹಿರಂಗಪಡಿಸುವುದನ್ನು ನಿರ್ಬಂಧಿಸಿ, ದಾಖಲೆ ಇಡುವ ಸಂಸ್ಥೆಗಳಿಗೆ ಅದನ್ನು ಕಾಯುವ ಹೊಣೆ ಹೊರಿಸಿತು. ಗುಟ್ಟು ಉಳಿಯುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಜನ ಪರೀಕ್ಷೆಗೇ ಬರುವುದಿಲ್ಲ ಎಂಬ ಅನುಭವ ಅದರ ಹಿಂದಿತ್ತು. ಮುಚ್ಚಿಡಲು ಏನೂ ಇಲ್ಲದವರಿಗೆ ಯಾಕೆ ಹೆದರಿಕೆ ಎಂದು ಕೇಳುವವರಿಗೂ ಇದೇ ಉತ್ತರ. ಕಾಯಿಲೆ ಅಪರಾಧವಲ್ಲ, ಆದರೂ ಅದನ್ನು ಯಾರಿಗೆ ಹೇಳಬೇಕೆಂಬುದು ರೋಗಿಯ ತೀರ್ಮಾನ. ಮನೆಯವರ ವಿರೋಧದ ನಡುವೆ ಮದುವೆಯಾದ ಹುಡುಗಿಯ ವಿಳಾಸ, ದೌರ್ಜನ್ಯದ ದೂರು ಕೊಟ್ಟ ಹೆಣ್ಣುಮಗಳ ಫೋನ್ ನಂಬರು, ಇವು ಬೇಡದವರ ಕೈಗೆ ಸಿಕ್ಕರೆ ಹೋಗುವುದು ಮರ್ಯಾದೆಯಲ್ಲ, ಜೀವ.

7. ನಾವು ಕೇಳಬೇಕಾದದ್ದು

ಮಾತು ಮುಗಿಸುವ ಮೊದಲು ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ಸಂಸತ್ತು 17ನೇ ಕಲಮಿನ ವಿನಾಯಿತಿಗೆ ಮೂರು ಪರೀಕ್ಷೆಗಳನ್ನು ಸೇರಿಸಬೇಕು, ಕಣ್ಗಾವಲಿಗೆ ನ್ಯಾಯಾಧೀಶರ ಅನುಮತಿ ಕಡ್ಡಾಯ ಮಾಡಬೇಕು. ಮಾಹಿತಿ ಸೋರಿಕೆಯಿಂದ ನೊಂದವರಿಗೆ, ಸೋರಿದ್ದು ಕಂಪನಿಯಿಂದಾದರೂ ಇಲಾಖೆಯಿಂದಾದರೂ, ಪರಿಹಾರದ ಹಕ್ಕು ಕೊಡಬೇಕು. ಮಂಡಳಿಯ ನೇಮಕಾತಿ ಸರ್ಕಾರದ ಮುಷ್ಟಿಯಿಂದ ಹೊರಬರಬೇಕು. ಮಾಹಿತಿ ಹಕ್ಕಿನ ಹಳೆಯ ಕಲಮು ಮರಳಬೇಕು.

ದೆಹಲಿಯತ್ತ ಕೈತೋರಿಸಿ ಸುಮ್ಮನಾಗುವಂತೆಯೂ ಇಲ್ಲ. ಜಮೀನಿನ ದಾಖಲೆ, ರೇಷನ್, ಸರ್ಕಾರಿ ಆಸ್ಪತ್ರೆ, ಗೃಹಲಕ್ಷ್ಮಿಯಂಥ ಯೋಜನೆಗಳ ಅರ್ಜಿ, ಇವೆಲ್ಲ ರಾಜ್ಯದ ಕೈಯಲ್ಲಿವೆ. ಯಾವ ಇಲಾಖೆ ಏನನ್ನು ಸಂಗ್ರಹಿಸುತ್ತದೆ, ಯಾರ ಜೊತೆ ಹಂಚಿಕೊಳ್ಳುತ್ತದೆ, ಯಾವಾಗ ಅಳಿಸುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದು ಪ್ರತಿ ಗ್ರಾಮ ಒನ್ ಕೇಂದ್ರದಲ್ಲಿ ತೂಗುಹಾಕಲು ಯಾವ ತಿದ್ದುಪಡಿಯೂ ಬೇಡ. ಸರ್ಕಾರದ ಒಂದು ಆದೇಶ ಸಾಕು.

ಇಲ್ಲಿ ಕುಳಿತ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಕೋರಿಕೆ. ನಾಳೆ ನಿಮ್ಮಲ್ಲಿ ಕೆಲವರು ವಕೀಲರಾಗುತ್ತೀರಿ, ಕೆಲವರು ಸಾಫ್ಟ್‌ವೇರ್ ಬರೆಯುತ್ತೀರಿ, ಕೆಲವರು ಕೆಎಎಸ್ ಪಾಸುಮಾಡಿ ಇದೇ ಪಟ್ಟಿಗಳನ್ನು ತಯಾರಿಸುತ್ತೀರಿ. ಯಾವ ಕುರ್ಚಿಯಲ್ಲಿದ್ದರೂ ಅರ್ಜಿ ನಮೂನೆಗೆ ಹೊಸ ಕಾಲಂ ಸೇರಿಸುವ ಮೊದಲು ಇದು ಯಾಕೆ ಬೇಕು, ಬೇಡದವರ ಕೈಗೆ ಸಿಕ್ಕರೆ ಯಾರಿಗೆ ಪೆಟ್ಟು ಎಂದು ಕೇಳಿ. ಉತ್ತರ ಹೊಳೆಯದಿದ್ದರೆ ಆ ಕಾಲಂ ಬಿಟ್ಟುಬಿಡಿ. ನಿಮ್ಮ ಕ್ಷೇತ್ರದ ಸಂಸದರಿಗೆ ಈ ಕಾಯ್ದೆಯ ತಿದ್ದುಪಡಿ ಕೇಳಿ ಒಂದು ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ.